ಅಳಿಸಿದ್ದು ಅಳಿದಿಲ್ಲ, ಉಳಿಸಿದ್ದು ಉಳಿದಿಲ್ಲ

ಮೊದಲೇ ಹೇಳಿಬಿಡ್ತೀನಿ, ಇವತ್ತಿನದು ಸ್ವಲ್ಪ ಒಣ ವಿಷಯ. ಕವನ, ಸಿನಿಮಾ, ಪ್ರವಾಸ ಅಂತ ಹುಡುಕಿಕೊಂಡು ಬಂದವರು ಪಕ್ಕದ ಬ್ಲಾಗಿಗೆ ಹೋಗಿಬನ್ನಿ, ಬೇಜಾರಿಲ್ಲ :-) ಗಣಕದಲ್ಲಿ ಹಾಕಿಕೊಂಡಿರುವ ಮೇಲ್ ತಂತ್ರಾಂಶದಲ್ಲಿ (ಥಂಡರ್‌ಬರ್ಡೋ, ಔಟ್‌ಲುಕ್ಕೋ, ಯಾವುದೋ ಒಂದು) ಡಿಲೀಟ್ ಮತ್ತು ಆರ್ಕೈವ್ ಅಂತ ಎರಡು ಗುಂಡಿ ಇರ್ತವಲ್ಲ, ಆ ಎರಡರ ಮೇಲೂ ನನ್ನದೊಂದು ತಕರಾರಿದೆ. ಡಿಲೀಟ್ ಒತ್ತಿದರೆ ಪತ್ರ ಅಳಿಯೋದಿಲ್ಲ. ಆರ್ಕೈವ್ ಒತ್ತಿದರೆ ಪತ್ರ ಉಳಿಯುತ್ತೆ ಅನ್ನೋ ಖಾತ್ರಿ ಇಲ್ಲ. ಈ ಎರಡು ಮಾತು ಗೊತ್ತಿಲ್ಲದೆ ನಮ್ಮ ಜನ ಹೋಗಬೇಕಾದ್ದನ್ನು ಇಟ್ಟುಕೊಂಡು, ಇರಬೇಕಾದ್ದನ್ನು ಕಳಕೊಂಡು ಕೂತಿದ್ದಾರೆ ಅನ್ನೋದು ನನ್ನ ಅಭಿಪ್ರಾಯ.

"ಈಗ ಗಣಕದಲ್ಲಿ ಯಾರು ಮೇಲ್ ನೋಡ್ತಾರೆ, ಎಲ್ಲ ಫೋನಲ್ಲೇ ಅಲ್ವಾ?" ಅಂತ ನೀವು ಕೇಳಬಹುದು. ನನ್ನ ಹೊಟ್ಟೆಪಾಡು ಕಂಪ್ಯೂಟರ್ ರಿಪೇರಿ. ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕು ಊರುಗಳ ಬಸ್‌ಸ್ಟ್ಯಾಂಡು ನನಗೆ ಮನೆ ಅಂಗಳ ಇದ್ದಂಗೆ. ಅಲ್ಲಿನ ವಕೀಲರ ಕಚೇರಿ, ತೆರಿಗೆ ಲೆಕ್ಕ ಬರೆಯುವವರು, ಗೊಬ್ಬರ-ಬೀಜದ ಏಜೆನ್ಸಿ, ಪ್ರಿಂಟಿಂಗ್ ಪ್ರೆಸ್ಸು, ಆನ್‌ಲೈನ್ ಅರ್ಜಿ ಹಾಕಿಕೊಡುವ ಅಂಗಡಿ, ಇಲ್ಲೆಲ್ಲ ಇವತ್ತಿಗೂ ಮೇಜಿನ ಮೇಲೊಂದು ಗಣಕ, ಅದರಲ್ಲೊಂದು ಮೇಲ್ ತಂತ್ರಾಂಶ ಇದೆ. ಕಾರಣ ಸರಳ. ನೆಟ್ ಹೋದರೂ ಹಳೇ ಪತ್ರ ಕೈಗೆ ಸಿಗಬೇಕು. ಹತ್ತು ವರ್ಷದ ಹಿಂದಿನ ಬಿಲ್ಲು ಕೇಳಿದರೆ ಅರ್ಧ ನಿಮಿಷದಲ್ಲಿ ತೆಗೆದುಕೊಡಬೇಕು. ಫೋನಲ್ಲಿ ಆ ಕೆಲಸ ಆಗೋದಿಲ್ಲ.

ಈ ಅಂಗಡಿಗಳಲ್ಲಿ ನಾನು ಕೇಳೋ ಮಾತು ಎರಡೇ. ಒಂದು, "ಸರ, ಎಲ್ಲಾ ಡಿಲೀಟ್ ಮಾಡೀನ್ರಿ, ಆದ್ರೂ ಡಿಸ್ಕ್ ತುಂಬೇತಿ ಅಂತ ಬರತೈತಿ." ಇನ್ನೊಂದು, "ಸರ, ಹಳೇವೆಲ್ಲ ಆರ್ಕೈವ್ ಮಾಡಿ ಇಟ್ಟಿದ್ದೆ, ಈಗ ಒಂದೂ ಕಾಣವಲ್ದು." ಎರಡು ದೂರಿಗೂ ಬೇರು ಒಂದೇ.

ಮೊದಲು ಡಿಲೀಟ್ ಕಥೆ ನೋಡೋಣ. ಥಂಡರ್‌ಬರ್ಡಿನ ಸಾಮಾನ್ಯ ವ್ಯವಸ್ಥೆಯಲ್ಲಿ ಒಂದು ಫೋಲ್ಡರ್ ಅಂದರೆ ಒಂದೇ ಒಂದು ಉದ್ದನೆಯ ಫೈಲು. ಎಂಬಾಕ್ಸ್ ಅಂತ ಇದಕ್ಕೆ ಹೆಸರು, ಯುನಿಕ್ಸ್ ಕಾಲದಿಂದ ಬಂದದ್ದು. ಪತ್ರಗಳು ಅದರಲ್ಲಿ ಒಂದರ ಕೆಳಗೊಂದು, ಕಿರಾಣಿ ಅಂಗಡಿಯ ಉದ್ರಿ ಪುಸ್ತಕದ ಥರ ಸಾಲಾಗಿ ಸೇರಿಕೊಂಡು ಹೋಗ್ತವೆ. ನೀವು ನಡುವಿನ ಒಂದು ಪತ್ರವನ್ನು ಡಿಲೀಟ್ ಮಾಡಿದಾಗ ತಂತ್ರಾಂಶ ಆ ಹಾಳೆಯನ್ನು ಹರಿಯೋದಿಲ್ಲ, ಅದರ ಮೇಲೊಂದು ಗೀಟು ಎಳೆಯುತ್ತೆ ಅಷ್ಟೆ. ಪತ್ರದ ತಲೆಭಾಗದಲ್ಲಿ ಎಕ್ಸ್-ಮೊಜಿಲ್ಲಾ-ಸ್ಟೇಟಸ್ ಅಂತ ಒಂದು ಸಾಲಿರುತ್ತೆ, ಅದರ ಮುಂದೆ ನಾಲ್ಕು ಅಂಕಿ. ಓದಿದ ಸಾದಾ ಪತ್ರಕ್ಕೆ 0001. ಓದಿ ಡಿಲೀಟ್ ಮಾಡಿದ್ದಕ್ಕೆ 0009. ಕಸದಬುಟ್ಟಿಗೆ ಹೋಗೋದು ಇನ್ನೊಂದು ಪ್ರತಿ. ಬುಟ್ಟಿ ಖಾಲಿ ಮಾಡಿದರೂ ಇನ್‌ಬಾಕ್ಸ್ ಫೈಲಿನಲ್ಲಿ ಮೊದಲನೇ ಪ್ರತಿ ಗೀಟಿನ ಅಡಿ ಹಾಯಾಗಿ ಮಲಗಿರುತ್ತೆ. ಅದು ನಿಜವಾಗಿ ಹೋಗಬೇಕಾದರೆ ಫೋಲ್ಡರನ್ನು ಕಂಪ್ಯಾಕ್ಟ್ ಮಾಡಬೇಕು. ಆಗ ತಂತ್ರಾಂಶ ಗೀಟಿಲ್ಲದ ಪತ್ರಗಳನ್ನಷ್ಟೇ ಹೊಸ ಫೈಲಿಗೆ ಬರೆದುಕೊಂಡು ಹಳೆಯದನ್ನು ಬಿಸಾಕುತ್ತೆ. ವ್ಯರ್ಥ ಜಾಗ ಒಂದು ಮಿತಿ ದಾಟಿದಾಗ ಈ ಕೆಲಸ ತಾನಾಗೇ ಆಗುತ್ತೆ ಅನ್ನೋದು ನಿಜ, ಆದರೆ ಮಿತಿ ದಾಟುವವರೆಗೆ?

ಇದರಿಂದ ಒಂದು ಲಾಭ, ಒಂದು ಅಪಾಯ. ಲಾಭ ಏನಂದರೆ, ಬೇಕಾದ ಪತ್ರ ಕೈತಪ್ಪಿ ಡಿಲೀಟ್ ಆದರೆ ಗಾಬರಿ ಬೇಡ. ಕಂಪ್ಯಾಕ್ಟ್ ಮಾಡದೆ, ತಕ್ಷಣ ತಂತ್ರಾಂಶ ಮುಚ್ಚಿ, ಆ ಫೈಲಿನ ಒಂದು ನಕಲು ತೆಗೆದಿಟ್ಟುಕೊಳ್ಳಿ. ದೊಡ್ಡ ಫೈಲು ತೆರೆಯುವ ಎಡಿಟರಿನಲ್ಲಿ ಪತ್ರ ಹುಡುಕಿ 0009 ಇದ್ದದ್ದನ್ನು 0001 ಮಾಡಿ, ಜೊತೆಗಿರುವ ಎಂಎಸ್ಎಫ್ ಸೂಚಿ ಫೈಲು ತೆಗೆದರೆ ಪತ್ರ ವಾಪಸ್ ಎದ್ದು ಬರುತ್ತೆ.

ಇಲ್ಲಿ ಕನ್ನಡದವರಿಗೆ ಒಂದು ತೊಡಕಿದೆ. ಇಂಗ್ಲಿಷ್ ಪತ್ರ ಎಡಿಟರಿನಲ್ಲಿ ಬಹುತೇಕ ಹಾಗೇ ಕಾಣುತ್ತೆ, ಕನ್ನಡದ್ದು ಕಾಣೋದಿಲ್ಲ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟು, ಮೇಲಿನಲ್ಲಿ ಹೋಗುವಾಗ ಅದಕ್ಕೆ ಇನ್ನೊಂದು ವೇಷ. ಕೋಟೆಡ್ ಪ್ರಿಂಟಬಲ್ ಅನ್ನೋ ವೇಷದಲ್ಲಿ ಒಂದು 'ಕ' ಅಕ್ಷರ ಒಂಬತ್ತು ಚಿಹ್ನೆಗಳಾಗಿ ಹಿಗ್ಗುತ್ತೆ. ಸಮಚಿಹ್ನೆ, ಇ, ಸೊನ್ನೆ, ಸಮಚಿಹ್ನೆ, ಬಿ, 2 ಅಂತ ಶುರುವಾಗುವ ಗೊಂಚಲು ಸಾಲುಸಾಲಾಗಿ ಕಂಡರೆ ಅದು ಕನ್ನಡ ಅಂತ ತಿಳೀರಿ (ಕೆಲವು ಕಡೆ 2ರ ಬದಲು 3 ಬರುತ್ತೆ). ಬೇಸ್ 64 ಅನ್ನೋ ವೇಷದಲ್ಲಾದರೆ 4, ಎಲ್, ಕೆ ಅನ್ನೋ ಮೂರು ಅಕ್ಷರ ಮತ್ತೆ ಮತ್ತೆ ಬರ್ತಾ ಇರುತ್ತೆ. "ಏನೋ ವೈರಸ್ ಬಂದದೆ" ಅಂತ ಅದನ್ನು ಅಳಿಸಿಹಾಕಿದವರನ್ನು ಕಂಡಿದ್ದೀನಿ. ವೈರಸ್ ಅಲ್ಲ ಸ್ವಾಮಿ, ನಿಮ್ಮದೇ ತಾಯಿನುಡಿ!

ಇನ್ನು ಅಪಾಯ. ತಾಲೂಕು ಊರಿನ ಆನ್‌ಲೈನ್ ಅಂಗಡಿಗೆ ದಿನಾ ಎಷ್ಟು ಜನ ಬರ್ತಾರೆ ನೋಡಿದ್ದೀರಾ? ಬೆಳೆವಿಮೆ, ಜಾತಿ ಪ್ರಮಾಣಪತ್ರ, ಮಕ್ಕಳ ವಿದ್ಯಾರ್ಥಿವೇತನ, ಹೊಲದ ಉತಾರ. ಆಧಾರ್, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ, ರೇಷನ್ ಕಾರ್ಡು, ಮಾರ್ಕ್ಸ್ ಕಾರ್ಡು, ಎಲ್ಲ ಸ್ಕ್ಯಾನ್ ಆಗಿ ಅಂಗಡಿಯ ಮೇಲಿಗೆ ಬರುತ್ತೆ. ಕೆಲಸ ಮುಗೀತು, ಅಂಗಡಿಯವರು ಪ್ರಾಮಾಣಿಕವಾಗಿ ಡಿಲೀಟ್ ಮಾಡಿದರು. ಮುಂದೊಂದು ದಿನ ಆ ಗಣಕ ಸೆಕೆಂಡ್ ಹ್ಯಾಂಡಿಗೆ ಮಾರಾಟ ಆಯ್ತು. ಕೊಂಡವನು ಆ ಫೈಲು ತೆರೆದರೆ? ಆಧಾರ್ ಕೊಟ್ಟ ಆ ರೈತನಿಗೆ ತನ್ನ ಕಾಗದ ಈಗ ಯಾರ ಮನೆಯಲ್ಲಿದೆ ಅನ್ನೋ ಸುಳಿವೂ ಇರೋದಿಲ್ಲ. 2023ರಲ್ಲಿ ಸಂಸತ್ತು ವೈಯಕ್ತಿಕ ದತ್ತಾಂಶ ರಕ್ಷಣೆಗೆ ಅಂತಲೇ ಕಾನೂನು ಮಾಡಿದೆ. ಆದರೆ ಕಾನೂನು ದಿಲ್ಲಿಯಲ್ಲಿ, ಫೈಲು ಸಿಂದಗಿಯಲ್ಲಿ. ನಡುವೆ ಆ ಕಂಪ್ಯಾಕ್ಟ್ ಗುಂಡಿ ಒತ್ತುವ ಕೈ ಬೇಕಲ್ಲ!

ಹಾಗಂತ ಕಂಪ್ಯಾಕ್ಟ್ ಮಾಡಿದರೆ ಎಲ್ಲ ಮುಗೀತು ಅಂತಲೂ ಅಲ್ಲ. ಡಿಸ್ಕಿನ ಮೇಲೆ ಹಳೆಯ ಫೈಲಿನ ಗುರುತು ಕೆಲಕಾಲ ಉಳಿದಿರಬಹುದು. ಹಾಗಾಗಿ ಗಣಕ ಮಾರುವಾಗ ಡಿಸ್ಕನ್ನು ಪೂರ್ತಿ ಒರೆಸಿ ಕೊಡಬೇಕು, ಇಲ್ಲವೇ ಡಿಸ್ಕು ಬಿಚ್ಚಿ ಇಟ್ಟುಕೊಂಡು ಉಳಿದದ್ದನ್ನು ಮಾರಬೇಕು. ಐನೂರು ರೂಪಾಯಿ ಕಡಿಮೆ ಬಂದರೆ ಬರಲಿ.

ಈಗ ಆರ್ಕೈವ್ ಕಡೆ ಬರೋಣ. ನನಗೆ ಸಿಟ್ಟು ಜಾಸ್ತಿ ಇರೋದು ಇದರ ಮೇಲೆ, ಯಾಕಂದರೆ ಹೆಸರು ಬಹಳ ಗಂಭೀರವಾಗಿದೆ. ಆರ್ಕೈವ್ ಅಂದ ಕೂಡಲೇ ಪತ್ರಾಗಾರ, ಕಬ್ಬಿಣದ ಕಪಾಟು, ಬೀಗ ಅಂತೆಲ್ಲ ಕಣ್ಮುಂದೆ ಬರುತ್ತೆ. ಆದರೆ ಅಸಲಿಗೆ ಆಗೋದು ಇಷ್ಟೇ: ಪತ್ರ ಒಂದು ಫೋಲ್ಡರಿನಿಂದ ಇನ್ನೊಂದಕ್ಕೆ ಸರಿಯುತ್ತೆ. ಎರಡನೇ ಪ್ರತಿ ಹುಟ್ಟೋದಿಲ್ಲ.

ಔಟ್‌ಲುಕ್ಕಿನಲ್ಲಂತೂ ಈ ಒಂದೇ ಹೆಸರಿಗೆ ಎರಡು ಅರ್ಥ. ಹಳೆಯದು ಆಟೋ ಆರ್ಕೈವ್. ಔಟ್‌ಲುಕ್ 2003ರ ಕಾಲದಲ್ಲಿ ಅದು ತಾನಾಗೇ 14 ದಿನಕ್ಕೊಮ್ಮೆ ಎದ್ದು, ಆರು ತಿಂಗಳಿಗಿಂತ ಹಳೆಯ ಇನ್‌ಬಾಕ್ಸ್ ಪತ್ರಗಳನ್ನು ಬೇರೊಂದು ಪಿಎಸ್‌ಟಿ ಫೈಲಿಗೆ ಸಾಗಿಸುತ್ತಿತ್ತು. ಹೊಸದು ಮೇಲುಗಡೆ ಕಾಣುವ ಆರ್ಕೈವ್ ಗುಂಡಿ. ಅದು ಅದೇ ಅಂಚೆಪೆಟ್ಟಿಗೆಯೊಳಗಿನ ಆರ್ಕೈವ್ ಅನ್ನೋ ಫೋಲ್ಡರಿಗೆ ಸರಿಸುತ್ತೆ. ಒಂದು ಪತ್ರವನ್ನು ಮನೆಯಿಂದಾಚೆ ಒಯ್ಯುತ್ತೆ, ಇನ್ನೊಂದು ಪಕ್ಕದ ಕೋಣೆಗೆ. ಹೆಸರು ಮಾತ್ರ ಒಂದೇ. ಪಾಪ, ಗೊಬ್ಬರದಂಗಡಿಯವರು ಏನು ತಿಳ್ಕೋಬೇಕು?

ಆ ಹಳೆಯ ಆರ್ಕೈವ್ ಪಿಎಸ್‌ಟಿ ಎಲ್ಲಿರುತ್ತಿತ್ತು ಗೊತ್ತಾ? ವಿಂಡೋಸ್ ಎಕ್ಸ್‌ಪಿಯಲ್ಲಿ ಸಿ ಡ್ರೈವಿನ ಒಳಗೆ, ಕಣ್ಣಿಗೆ ಕಾಣದಂತೆ ಮರೆಮಾಡಿದ ಫೋಲ್ಡರಿನಲ್ಲಿ. ನಾನು ಹೋಗಿದ್ದ ಒಂದು ವಕೀಲರ ಕಚೇರಿಯಲ್ಲಿ ಆದದ್ದೂ ಇದೇ. ಗಣಕ ನಿಧಾನ ಆಯ್ತು ಅಂತ ಒಂದು ಅಂಗಡಿಗೆ ಕೊಟ್ಟಿದ್ದರು. ಅಂಗಡಿಯ ಹುಡುಗ ಡೆಸ್ಕ್‌ಟಾಪು, ಮೈ ಡಾಕ್ಯುಮೆಂಟ್ಸು ಎರಡನ್ನೂ ಶ್ರದ್ಧೆಯಿಂದ ನಕಲು ತೆಗೆದು, ಸಿ ಡ್ರೈವ್ ಫಾರ್ಮ್ಯಾಟ್ ಮಾಡಿದ. ವರ್ಷಗಟ್ಟಲೆಯ ಕಕ್ಷಿದಾರರ ಪತ್ರಗಳು ಒಂದು ಗಂಟೆಯಲ್ಲಿ ಹೋದವು. "ಆರ್ಕೈವ್ ಮಾಡಿದ್ದೆನಲ್ಲಪ್ಪಾ!" ಅಂತ ಆ ಹಿರಿಯರು ನನ್ನ ಮುಂದೆ ಹೇಳಿದಾಗ ಏನು ಉತ್ತರ ಕೊಡಬೇಕೋ ತಿಳಿಯಲಿಲ್ಲ. ಅವರು ಮಾಡಿದ್ದು ಸರಿಯಾಗೇ ಇತ್ತು, ಪದವೇ ಅವರಿಗೆ ಮೋಸ ಮಾಡಿತ್ತು. ಥಂಡರ್‌ಬರ್ಡಿನ ಪ್ರೊಫೈಲು ಕೂಡ ವಿಂಡೋಸಿನಲ್ಲಿ ಇವತ್ತಿಗೂ ಇಂಥದೇ ಮರೆಯ ಫೋಲ್ಡರಿನಲ್ಲಿ ಕೂತಿರುತ್ತೆ, ನೆನಪಿರಲಿ.

ನಮ್ಮ ಕಡೆ ಹಿಂದೆ ಜೋಳ ತುಂಬಿಡಲು ಹಗೇವು ಇರುತ್ತಿದ್ದವು, ನೆಲದೊಳಗಿನ ಕಣಜ. ಹಗೇವಿನಲ್ಲಿ ಹಾಕಿದೆ ಅಂತ ರೈತ ನಿಶ್ಚಿಂತೆಯಿಂದ ಮಲಗುತ್ತಿರಲಿಲ್ಲ. ಮಳೆನೀರು ಇಳಿದರೆ ಇಡೀ ಜೋಳ ಮುಗ್ಗು ಹಿಡಿಯುತ್ತೆ ಅಂತ ಅವನಿಗೆ ಗೊತ್ತಿತ್ತು. ಒಂದೇ ಪಿಎಸ್‌ಟಿ ಫೈಲಿನಲ್ಲಿ ಹದಿನೈದು ವರ್ಷದ ಪತ್ರ ತುಂಬುವವರಿಗೂ ಆ ಭಯ ಇರಬೇಕು. ಔಟ್‌ಲುಕ್ 2002ರವರೆಗಿನ ಪಿಎಸ್‌ಟಿ 2 ಜಿಬಿ ಮುಟ್ಟಿದರೆ ಕೈ ಎತ್ತುತ್ತಿತ್ತು. ಹಳೆಯ ಥಂಡರ್‌ಬರ್ಡಿನಲ್ಲಿ ಒಂದು ಫೋಲ್ಡರ್ 4 ಜಿಬಿ ದಾಟುವಂತಿರಲಿಲ್ಲ. ಈಗ ಮಿತಿ ದೊಡ್ಡದಾಗಿದೆ, ಅದಕ್ಕೇ ಹಾಳಾದಾಗ ಹಾಳಾಗೋದೂ ದೊಡ್ಡ ರಾಶಿಯೇ.

ಇನ್ನು ಐಮ್ಯಾಪ್. ಹೊಸ ಖಾತೆಗಳು ಹೆಚ್ಚಾಗಿ ಹೀಗೇ ಜೋಡಣೆ ಆಗ್ತವೆ. ಐಮ್ಯಾಪ್ ಅನ್ನೋದು ಕನ್ನಡಿ ಇದ್ದಂಗೆ. ಸರ್ವರಿನಲ್ಲಿರೋದೇ ನಿಮ್ಮ ಗಣಕದಲ್ಲಿ ಕಾಣುತ್ತೆ. ಅಲ್ಲಿ ಹೋದರೆ ಇಲ್ಲೂ ಹೋಯ್ತು. ಫೋನಿನಲ್ಲಿ ಮಗು ಡಿಲೀಟ್ ಮಾಡಿದ್ದು ಕಚೇರಿ ಗಣಕದಿಂದಲೂ ಮಾಯ. ಜಿಮೇಲಿನ ಕಸದಬುಟ್ಟಿಯಲ್ಲಿ 30 ದಿನ ಇದ್ದು ಆಮೇಲೆ ಶಾಶ್ವತವಾಗಿ ಹೋಗುತ್ತೆ. ಎರಡು ವರ್ಷ ಮುಟ್ಟದ ಖಾತೆಯನ್ನೇ ತೆಗೆದುಹಾಕಬಹುದು ಅಂತ ಗೂಗಲ್ 2023ರಲ್ಲಿ ನಿಯಮ ಮಾಡಿದೆ. ಥಂಡರ್‌ಬರ್ಡಿನಲ್ಲಿ 2009ರ ಡಿಸೆಂಬರಿನ 3.0 ಆವೃತ್ತಿಯಿಂದ ಆರ್ಕೈವ್ ಸೌಲಭ್ಯ ಇದೆ, ಎ ಕೀಲಿ ಒತ್ತಿದರೆ ಸಾಕು, ವರ್ಷವಾರು ಫೋಲ್ಡರಿಗೆ ಹೋಗುತ್ತೆ. ಒಳ್ಳೆಯದೇ. ಆದರೆ ಐಮ್ಯಾಪ್ ಖಾತೆಯಲ್ಲಿ ನೀವು ಬೇರೆ ಹೇಳದಿದ್ದರೆ ಆ ವರ್ಷವಾರು ಫೋಲ್ಡರು ಕೂಡ ಸರ್ವರಿನಲ್ಲೇ ತಯಾರಾಗುತ್ತೆ. ಅಂದರೆ ಕನ್ನಡಿಯೊಳಗೇ ಕಪಾಟು! ಖಾತೆಯ ಸೆಟ್ಟಿಂಗಿನಲ್ಲಿ 'ಕಾಪೀಸ್ ಅಂಡ್ ಫೋಲ್ಡರ್ಸ್' ಅನ್ನೋ ಕಡೆ ಹೋಗಿ ಆರ್ಕೈವನ್ನು 'ಲೋಕಲ್ ಫೋಲ್ಡರ್ಸ್' ಅಂತ ಬದಲಾಯಿಸಿದರೆ ಮಾತ್ರ ಅದು ನಿಮ್ಮ ಗಣಕಕ್ಕೆ ಇಳಿಯುತ್ತೆ.

ಇಲ್ಲಿ ಕೆಲವರು "ಅಯ್ಯೋ, ಅಷ್ಟೆಲ್ಲ ಯಾಕ್ರಿ? ಜಾಗ ಅಗ್ಗ ಆಗಿದೆ, ಎಲ್ಲಾನೂ ಇಟ್ಕೊಂಡುಬಿಡಿ" ಅಂತಾರೆ. ಜಿಮೇಲ್ 2004ರ ಏಪ್ರಿಲ್ 1ಕ್ಕೆ 1 ಜಿಬಿ ಜಾಗ ಕೊಟ್ಟು ಬಂದಾಗಿನಿಂದ ಇದೇ ನಮ್ಮ ತಲೆಯಲ್ಲಿ ಕೂತಿರೋದು. ನಾನು ಒಪ್ಪೋದಿಲ್ಲ. ಎಲ್ಲವನ್ನೂ ಇಟ್ಟುಕೊಳ್ಳೋದು ಅಂದರೆ ಯಾವುದನ್ನೂ ನೋಡದಿರೋದು. ಇನ್ನು ಕೆಲವರದು ಉಲ್ಟಾ, ಇನ್‌ಬಾಕ್ಸ್ ಖಾಲಿ ಕಂಡರೇ ಅವರಿಗೆ ಸಮಾಧಾನ, ಸಿಕ್ಕಿದ್ದನ್ನೆಲ್ಲ ಒರೆಸಿಬಿಡ್ತಾರೆ. ಇಬ್ಬರೂ ನಿರ್ಧಾರ ಮಾಡೋ ಕಷ್ಟ ತಪ್ಪಿಸಿಕೊಳ್ತಿದ್ದಾರೆ ಅಷ್ಟೆ.

ಉಳಿಸೋದು ಅಂದರೆ ಏನು ಅಂತ ತಿಳಿಯಬೇಕಾದರೆ ನಮ್ಮ ಜಿಲ್ಲೆಯಲ್ಲೇ ಒಂದು ಉದಾಹರಣೆ ಇದೆ. ಬಸವಣ್ಣನವರು ಹುಟ್ಟಿದ ಊರು ಬಸವನ ಬಾಗೇವಾಡಿ. ಅವರ ಮತ್ತು ಉಳಿದ ಶರಣರ ವಚನಗಳು ತಾಳೆಗರಿ ಕಟ್ಟುಗಳಲ್ಲಿ ಮನೆ, ಮಠಗಳ ಜಗುಲಿ ಮೇಲೆ ನೂರಾರು ವರ್ಷ ಇದ್ದವು. ಎಷ್ಟೋ ಕಡೆ ಕಟ್ಟಿಗೆ ಪೂಜೆ ಆಗುತ್ತಿತ್ತು, ಬಿಚ್ಚಿ ಓದುತ್ತಿರಲಿಲ್ಲ. ವಿಜಯಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು (1880-1964) ಅಂಥ ಕಟ್ಟುಗಳನ್ನು ಹುಡುಕಿ, ಬಿಚ್ಚಿ, ನಕಲು ಮಾಡಿ 1923ರಲ್ಲಿ 'ವಚನಶಾಸ್ತ್ರಸಾರ' ಅಚ್ಚು ಹಾಕಿಸಿದರು. 1925ರಲ್ಲಿ ತಮ್ಮದೇ ಹಿತಚಿಂತಕ ಮುದ್ರಣಾಲಯ ಶುರುಮಾಡಿದರು, 1926ರಲ್ಲಿ 'ಶಿವಾನುಭವ' ಪತ್ರಿಕೆ. ವಚನಗಳು ಉಳಿದದ್ದಕ್ಕೆ ನನಗೆ ಕಾಣೋ ಕಾರಣ ಮೂರು. ಒಂದಲ್ಲ ಹತ್ತಾರು ಕಡೆ ಪ್ರತಿ ಇತ್ತು. ಯಾರೋ ಬಿಚ್ಚಿ ಓದಿದರು. ಓದಿದ್ದನ್ನು ಆ ಕಾಲದವರಿಗೆ ಓದಲು ಬರುವ ರೂಪಕ್ಕೆ ತಂದರು. ಆರ್ಕೈವ್ ಗುಂಡಿ ಈ ಮೂರರಲ್ಲಿ ಒಂದನ್ನೂ ಮಾಡೋದಿಲ್ಲ. ಅದು ಬರೀ ಜಗುಲಿ.

ಮೂರನೇ ಕಾರಣ ನಮಗೆ, ಅಂದರೆ ಕನ್ನಡದಲ್ಲಿ ಬರೆಯುವವರಿಗೆ, ನೇರವಾಗಿ ತಾಗುತ್ತೆ. ಯುನಿಕೋಡ್ ಬಳಕೆಗೆ ಬರುವ ಮೊದಲು ಬರಹ, ನುಡಿ ಅಕ್ಷರಗಳಲ್ಲಿ ಬರೆದ ಮೇಲುಗಳನ್ನು ಇವತ್ತು ತೆರೆದು ನೋಡಿ. ಆ ಫಾಂಟು ಇಲ್ಲದಿದ್ದರೆ ಬರೀ ಚಿಕ್ಕೆ, ಕೊಕ್ಕೆ, ವಿಚಿತ್ರ ಅಕ್ಷರ. ಪತ್ರ ಇದೆ, ಓದಲು ಬರೋದಿಲ್ಲ. ಅವನ್ನು ಯುನಿಕೋಡಿಗೆ ಬದಲಾಯಿಸುವ ಪರಿವರ್ತಕಗಳು ಇವತ್ತು ಸಿಗ್ತವೆ. ಬದಲಾಯಿಸಿ, ಮೂಲವನ್ನೂ ಇಟ್ಟುಕೊಳ್ಳಿ. ಇನ್ನು ಇಪ್ಪತ್ತು ವರ್ಷಕ್ಕೆ ಆ ಪರಿವರ್ತಕ ಸಿಗುತ್ತೋ ಇಲ್ವೋ ಯಾರಿಗೆ ಗೊತ್ತು.

ಬ್ಲಾಗಿಗರಿಗೆ ಇನ್ನೂ ಒಂದು ಮಾತು. ಯಾಹೂ ಗುಂಪುಗಳು 2020ರ ಡಿಸೆಂಬರಿನಲ್ಲಿ ಪೂರ್ತಿ ಮುಚ್ಚಿದವು. ಅಲ್ಲಿ ಕನ್ನಡಿಗರು ಮಾಡಿದ ಚರ್ಚೆ, ಜಗಳ, ಪದ ಹುಡುಕಾಟ ಎಲ್ಲ ಜಾಲದಿಂದ ಮರೆಯಾದವು. ಆದರೆ ಆಗ ಗುಂಪಿನ ಪತ್ರಗಳನ್ನು ಮೇಲಿಗೇ ತರಿಸಿಕೊಳ್ಳುತ್ತಿದ್ದವರ ಹಳೇ ಗಣಕದಲ್ಲಿ ಅವು ಇವತ್ತೂ ಇರಬಹುದು. ಹಾಗೇ ಎಷ್ಟೋ ಗೆಳೆಯರು ಬ್ಲಾಗು ಅಳಿಸಿ ಹೋದರು, ಕೆಲವರು ಈ ಲೋಕವನ್ನೇ ಬಿಟ್ಟು ಹೋದರು. ಅವರು ನಮ್ಮ ಬರಹಕ್ಕೆ ಹಾಕಿದ ಕಾಮೆಂಟು, ಮೇಲಿನಲ್ಲಿ ಬರೆದ ನಾಲ್ಕು ಸಾಲು ನಮ್ಮ ಅಂಚೆಪೆಟ್ಟಿಗೆಯಲ್ಲಿ ಮಾತ್ರ ಉಳಿದಿರುತ್ತೆ. 'ನೋಟಿಫಿಕೇಶನ್' ಅಂತ ಕಸದ ಜೊತೆ ಅದನ್ನು ಗುಡಿಸಿಹಾಕುವ ಮೊದಲು ಒಂದು ನಿಮಿಷ ಯೋಚಿಸಿ ಅಂತ ನನ್ನ ವಿನಂತಿ. ಕನ್ನಡ ಬ್ಲಾಗಿಂಗಿನ ಕಥೆ ಮುಂದೆ ಯಾರಾದರೂ ಬರೆಯೋದಾದರೆ ಅವರಿಗೆ ತಾಳೆಗರಿ ಇವೇ.

ಸರಿ, ಬರೀ ತಕರಾರು ಹೇಳಿದರೆ ಸಾಲದು. ನಾನು ಹೋದ ಕಡೆಯೆಲ್ಲ ಹೇಳಿಕೊಡುವ ಪದ್ಧತಿ ಹೀಗಿದೆ:

1. ಪತ್ರಗಳಲ್ಲಿ ಮೂರು ರಾಶಿ ಮಾಡಿ. ಹಣ, ಕೋರ್ಟು, ತೆರಿಗೆಗೆ ಸೇರಿದ್ದು ಒಂದು. ಮನುಷ್ಯರು ಮನುಷ್ಯರಿಗೆ ಬರೆದದ್ದು ಇನ್ನೊಂದು. ಉಳಿದದ್ದು ಮೂರನೆಯದು, ಅದನ್ನು ತಿಂಗಳಿಗೊಮ್ಮೆ ಕಣ್ಣುಮುಚ್ಚಿ ಅಳಿಸಿ. ಮೊದಲನೆಯದಕ್ಕೆ ಕಾನೂನೇ ಅವಧಿ ಹೇಳುತ್ತೆ. ಜಿಎಸ್‌ಟಿ ಲೆಕ್ಕಪತ್ರಗಳನ್ನು ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸಬೇಕಾದ ಕೊನೆಯ ದಿನದಿಂದ 72 ತಿಂಗಳು ಇಟ್ಟುಕೊಳ್ಳಬೇಕು. ವ್ಯಾಜ್ಯ ನಡೆದಿದ್ದರೆ ಇನ್ನೂ ಹೆಚ್ಚು.

2. ಬೇರೆಯವರ ಆಧಾರ್, ಪಾಸ್‌ಬುಕ್ ಥರದ್ದನ್ನು ಕೆಲಸ ಮುಗಿದ ವಾರದಲ್ಲೇ ಡಿಲೀಟ್ ಮಾಡಿ, ಬುಟ್ಟಿ ಖಾಲಿ ಮಾಡಿ, ಕಂಪ್ಯಾಕ್ಟ್ ಮಾಡಿ. ಮೂರೂ ಆದರೇ ಅಳಿಸಿದಂತೆ. ಕಂಪ್ಯಾಕ್ಟ್ ನಡೆಯುವಾಗ ಕರೆಂಟ್ ಹೋದರೆ ಫೈಲಿಗೇ ಪೆಟ್ಟು ಬೀಳಬಹುದು, ಯುಪಿಎಸ್ ಇದ್ದರೆ ಮಾತ್ರ ಕೈ ಹಾಕಿ.

3. ಕೋರ್ಟಿಗೆ ಬೇಕಾಗಬಹುದಾದ ಪತ್ರವನ್ನು ಫಾರ್ವರ್ಡ್ ಮಾಡಿ ಇಟ್ಟುಕೊಂಡರೆ ಪ್ರಯೋಜನ ಕಡಿಮೆ. ಅದು ಹೊಸ ಪತ್ರ ಆಗುತ್ತೆ, ಮೂಲದ ತಲೆಬರಹ, ಬಂದ ದಾರಿ ಅದರಲ್ಲಿ ಇರೋದಿಲ್ಲ. ಥಂಡರ್‌ಬರ್ಡಿನಲ್ಲಾದರೆ ಇಎಂಎಲ್ ಫೈಲಾಗಿ ಉಳಿಸಿ, ಮೂಲವನ್ನು ಮುಟ್ಟಬೇಡಿ. ವಿದ್ಯುನ್ಮಾನ ದಾಖಲೆಗೆ ಪ್ರಮಾಣಪತ್ರ ಕೊಡುವ ವಿಧಾನ ಮೊದಲು ಸಾಕ್ಷ್ಯ ಅಧಿನಿಯಮದ 65ಬಿ ಕಲಮಿನಲ್ಲಿತ್ತು, 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಲ್ಲಿದೆ. ವಿವರಕ್ಕೆ ನಿಮ್ಮ ವಕೀಲರನ್ನು ಕೇಳಿ, ನನ್ನನ್ನಲ್ಲ :-)

4. ವರ್ಷವಾರು ಆರ್ಕೈವನ್ನು ಸ್ವಂತ ಗಣಕಕ್ಕೆ ಇಳಿಸಿ. ತಂತ್ರಾಂಶ ಮುಚ್ಚಿ, ಇಡೀ ಪ್ರೊಫೈಲ್ ಫೋಲ್ಡರನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಿ. ವರ್ಷಕ್ಕೆರಡು ಸಲ ಸಾಕು, ಯುಗಾದಿಗೊಮ್ಮೆ, ದೀಪಾವಳಿಗೊಮ್ಮೆ. ಹೆಂಗಿದ್ದರೂ ದೀಪಾವಳಿಗೆ ಖಾತೆ ಪುಸ್ತಕದ ಪೂಜೆ ಮಾಡ್ತೀರಲ್ಲ, ಡಿಸ್ಕಿಗೂ ನಾಲ್ಕು ಅಕ್ಷತೆ ಹಾಕಿ. ಆ ಡಿಸ್ಕು ಅಂಗಡಿಯಲ್ಲಿ ಬೇಡ, ಮನೆಯಲ್ಲಿರಲಿ.

5. ನಕಲು ಮಾಡಿದ ಮೇಲೆ ಬೇರೊಂದು ಗಣಕದಲ್ಲಿ ಅದನ್ನು ತೆರೆದು ಹಳೆಯದೊಂದು ಪತ್ರ ಓದಿ. ಓದಲು ಬಂದರೆ ಮಾತ್ರ ಅದು ನಕಲು.

ಇದಿಷ್ಟು ಮಾಡಲು ಒಂದು ಭಾನುವಾರ ಸಾಕು. ತಂತ್ರಾಂಶ ಬರೆಯುವವರು ಗುಂಡಿಗಳ ಹೆಸರು ಬದಲಾಯಿಸಲಿ ಅಂತ ನನಗೂ ಆಸೆ ಇದೆ. 'ಡಿಲೀಟ್' ಬದಲು 'ಗೀಟು ಹಾಕು', 'ಆರ್ಕೈವ್' ಬದಲು 'ಪಕ್ಕಕ್ಕಿಡು' ಅಂತಿದ್ದರೆ ಎಷ್ಟೋ ಅನಾಹುತ ತಪ್ಪುತ್ತಿತ್ತು. ಅವರು ಬದಲಾಯಿಸುವವರೆಗೆ ಏನನ್ನು ಬಿಡಬೇಕು, ಏನನ್ನು ಇಡಬೇಕು ಅನ್ನೋ ನಿರ್ಧಾರ ನಮ್ಮದೇ.

ನಿಮ್ಮ ಹಳೇ ಮೇಲುಗಳನ್ನು ನೀವು ಏನು ಮಾಡಿದ್ದೀರಿ? ಯುನಿಕೋಡಿಗಿಂತ ಮುಂಚಿನ ಕನ್ನಡ ಪತ್ರಗಳು ಯಾರ ಹತ್ತಿರವಾದರೂ ಇವೆಯಾ? ಇದ್ದರೆ ಒಂದು ಸಾಲು ಬರೆಯಿರಿ. ಬಂದ ಕಾಮೆಂಟನ್ನು ನಾನಂತೂ ಅಳಿಸೋದಿಲ್ಲ, ಭಯ ಬೇಡ :-)